ಮಾಸ್ಟರು ಹೊಗಳಿದ ಕಾಜಾ

ಅವಳು ಗಂಡನ ಅಂಗಿಯ ಕಾಲರಿಗೆ ಸೋಪು ಹಚ್ಚಿ ಉಜ್ಜುತ್ತಿದ್ದಾಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಗ್ರೀಸಿನ ಕಲೆ ಆ ಕಾಲರನ್ನು ಬಿಟ್ಟು ಹೋಗುವುದಿಲ್ಲವೆಂದು ಹಟ ಹಿಡಿದು ಕೂತಿತ್ತು. ಹಿಂಡಿದ ಬಟ್ಟೆಗಳ ಬಕೆಟ್ಟು ಬಚ್ಚಲಿಗೂ ನಡುಮನೆಗೂ ನಡುವೆ ನಿಂತಿತ್ತು. ಅದರಿಂದ ಸೋರಿದ ನೀರು ನೆಲದ ಮೇಲೆ ಸಣ್ಣ ಹೊಳೆಯಾಗಿ ಬಾಗಿಲ ಕಡೆಗೆ ಹೊರಟಿತ್ತು. ಮಗಳು ಹಾಲಿನ ಲೋಟ ಹಿಡಿದುಕೊಂಡು, ಅದು ತನ್ನಷ್ಟಕ್ಕೆ ತಾನೇ ಖಾಲಿಯಾದೀತೇನೋ ಎಂದು ಕಾಯುತ್ತ ಕೂತಿದ್ದಳು.

"ನನ್ನ ಚೂಟಿಯಂಥ ಜಾಣೆ ಈ ಬೀದಿಯಲ್ಲೇ ಇಲ್ಲ. ನಾನು ಈ ಕಾಲರು ಉಜ್ಜಿ ಮುಗಿಸೋದ್ರೊಳಗೆ ಅವಳ ಲೋಟ ಖಾಲಿ," ಎಂದು ಅಮ್ಮ ಗೋಡೆಗೆ ಹೇಳಿದಳು.

"ಗೋಡೆಗೆ ಯಾಕೆ ಹೇಳ್ತೀಯಾ, ನಾನು ಇಲ್ಲೇ ಇದ್ದೀನಲ್ಲ," ಎಂದಳು ಚೂಟಿ. ಆದರೂ ಒಂದು ಗುಟುಕು ಒಳಗೆ ಇಳಿಯಿತು.

ಆ ಮನೆಯಲ್ಲಿ ಹೊಗಳಿಕೆ ಉಪ್ಪಿನ ಹಾಗೆ, ದಿನಾ ಬೇಕಾಗುವ ಸಾಮಾನು. ಹಾಲು ಕುಡಿಸುವುದಕ್ಕೆ ಒಂದು ಚಿಟಿಕೆ, ತಲೆ ಬಾಚಿಸಿಕೊಳ್ಳುವುದಕ್ಕೆ ಒಂದು ಚಿಟಿಕೆ. ಕಹಿ ಔಷಧಿಗೆ ಮಾತ್ರ ಹಿಡಿಗಟ್ಟಲೆ ಸುರಿಯಬೇಕಾಗುತ್ತಿತ್ತು. ಅಮ್ಮ ಬಂಗಾರ ಎಂದರೆ ಹಾಲು, ನನ್ನ ರಾಣಿ ಎಂದರೆ ಬಾಚಣಿಗೆ, ಎರಡೂ ಒಟ್ಟಿಗೆ ಬಂದರೆ ಔಷಧಿಯ ಬಾಟಲಿ ಹಿಂದೆಯೇ ಬರುತ್ತಿದೆ ಎಂದು ಚೂಟಿ ಎಂದೋ ಲೆಕ್ಕ ಹಾಕಿಟ್ಟುಕೊಂಡಿದ್ದಳು.

ಚಪ್ಪಲಿಯ ಸದ್ದು ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಮೇಲೆ ಬಂತು. "ಇದ್ದೀಯೇನಮ್ಮಾ?" ಎಂದಿತು ಬಾಗಿಲ ಹೊರಗಿನ ದನಿ.

ಅವಳ ಕೈಯಿಂದ ಸೋಪು ಜಾರಿತು. ಅದು ಮಾಸ್ಟರ ದನಿ.

ಬೀದಿಯ ತಿರುವಿನಲ್ಲಿರುವ ಹೊಲಿಗೆ ಅಂಗಡಿ ಮಾಸ್ಟರದು. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಅವರ ಕೆಲಸ. ಹೊಲಿದ ಅಂಗಿ, ಕೋಟುಗಳಲ್ಲಿ ಗುಂಡಿ ತೂರುವ ಕಂಡಿಗೆ ಸೂಜಿಯಿಂದ ದಾರ ಹೊಲಿದು ಕಾಜಾ ಹಾಕಿ, ಗುಂಡಿ ಹಚ್ಚಿ ಕೊಡುವುದು ಅವಳ ಕೆಲಸ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅದನ್ನೇ ಮಾಡುತ್ತ ಬಂದು, ಬೀದಿಯವರಿಗೆಲ್ಲ ಅವಳು 'ಕಾಜಾ ಅಕ್ಕ' ಆಗಿಬಿಟ್ಟಿದ್ದಳು. ಬಟ್ಟೆಯ ಗಂಟು ಒಯ್ಯುವವಳೂ ಅವಳೇ, ತರುವವಳೂ ಅವಳೇ. ಮಾಸ್ಟರು ಈ ಮೆಟ್ಟಿಲು ಹತ್ತಿದ್ದು ಇದೇ ಮೊದಲು.

ಮೆಟ್ಟಿಲು ಹಾಗಿರಲಿ, ಮಾಸ್ಟರು ಮಾತಿನಲ್ಲಿಯೂ ಯಾರ ಮನೆಗೂ ಹೋಗುವವರಲ್ಲ. ಅವಳು ಗಂಟು ಬಿಚ್ಚಿದರೆ ಒಂದೊಂದೇ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ಕೆಲಸ ಚೆನ್ನಾಗಿದ್ದರೆ ಅಂಗಿ ಸದ್ದಿಲ್ಲದೆ ಕಪಾಟಿಗೆ ಹೋಗುವುದು. ಚೆನ್ನಾಗಿಲ್ಲದಿದ್ದರೆ ಪುಟ್ಟ ಕತ್ತರಿಯಿಂದ ಕಾಜಾದ ದಾರ ಕಚಕ್ಕೆಂದು ಕತ್ತರಿಸಿ ಅವಳ ಮುಂದೆ ಎಸೆಯುವರು. ಬೈಗುಳವಿಲ್ಲ, ಶಹಬ್ಬಾಸೂ ಇಲ್ಲ. ಮೊದಮೊದಲು ಅವಳು ಹಾಗೆ ವಾಪಸು ಬಂದ ಅಂಗಿಗಳನ್ನು ಎದೆಗವಚಿಕೊಂಡು ಅತ್ತದ್ದುಂಟು. ಆಮೇಲೆ ಕತ್ತರಿಯ ಸದ್ದು ನಿಂತೇಹೋಯಿತು. ಆದರೂ ಒಂದು ದಿನ, ಒಂದೇ ಒಂದು ದಿನ, ಆ ಮನುಷ್ಯ ಬಾಯಿ ತೆರೆದು ಚೆನ್ನಾಗಿದೆ ಎನ್ನಲಿ ಎಂಬ ಆಸೆ ಮಾತ್ರ ಸೂಜಿಯ ತುದಿಯಂತೆ ಒಳಗೇ ಉಳಿದಿತ್ತು.

"ಬನ್ನಿ ಮಾಸ್ಟರೇ. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ," ಎಂದು ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲು ತೆರೆದಳು.

ಮಾಸ್ಟರು ಬಾಗಿಲ ಚೌಕಟ್ಟನ್ನು ಹಿಡಿದು ಒಳಗೆ ಕಾಲಿಟ್ಟರು. ಸುತ್ತ ಒಮ್ಮೆ ತಲೆ ತಿರುಗಿಸಿ, "ಮನೆ ಅಂದ್ರೆ ಹೀಗಿರಬೇಕು. ಕನ್ನಡಿ ಹಾಗೆ ಇಟ್ಕೊಂಡಿದ್ದೀಯಲ್ಲ ಮಗಳೇ," ಎಂದರು. ಹಾಗೆನ್ನುತ್ತಲೇ ಅವರ ಕಾಲು ಬಕೆಟ್ಟಿಗೆ ಬಡಿದು, ಇದ್ದಬದ್ದ ನೀರೆಲ್ಲ ಚಾಪೆಯ ಕೆಳಗೆ ಹರಿಯಿತು. "ಏನಿಲ್ಲ, ಏನಿಲ್ಲ," ಎಂದು ಅವರೇ ಸಮಾಧಾನ ಹೇಳಿಕೊಂಡರು.

ಮಗಳೇ ಎಂದರಲ್ಲ. ಅವಳ ಕಿವಿ ಚುರುಕಾಯಿತು. ಇಷ್ಟು ವರ್ಷ ಏನಮ್ಮಾ, ಬಾರಮ್ಮಾ, ಅಷ್ಟೇ ಇತ್ತು. ಒದ್ದೆ ಬಟ್ಟೆ ರಾಶಿ ಬಿದ್ದಿರುವ ಮನೆ ಕನ್ನಡಿಯಂತೆ ಕಾಣುವುದೆಂದರೆ ಅದಕ್ಕೊಂದು ಕಾರಣವಿರಲೇಬೇಕು.

"ಚೂಟಿ, ಬಾ ಇಲ್ಲಿ. ಹೊಸ ಫ್ರಾಕಾ? ನಿನಗೆ ಬಹಳ ಒಪ್ಪುತ್ತೆ," ಎಂದು ಮಾಸ್ಟರು ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಚಾಚಿದರು. ಚಾಚಿದ್ದು ಚೂಟಿ ನಿಂತಲ್ಲಿಗಲ್ಲ, ಪಕ್ಕದ ಕುರ್ಚಿಯ ಕಡೆಗೆ. ಅವಳೇ ಎರಡು ಹೆಜ್ಜೆ ಸರಿದು ತೆಗೆದುಕೊಂಡಳು. ಆಮೇಲೆ ತನ್ನ ಫ್ರಾಕು ನೋಡಿಕೊಂಡಳು. ಅಂಚು ಬಿಚ್ಚಿ ಉದ್ದ ಮಾಡಿದ, ಎದೆಯ ಮೇಲೆ ಶಾಯಿ ಚೆಲ್ಲಿದ ಹಳೇ ಫ್ರಾಕು. ಮಾಸ್ಟರ ಮುಖ ನೋಡಿದಳು. ಅಮ್ಮನ ಸೆರಗು ಎಳೆದಳು.

"ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಕೇಳು ಬಂಗಾರ. ದೊಡ್ಡವರು ಮಾತಾಡುವಾಗ ಜಾಣೆಯರು ಸುಮ್ಮನಿರ್ತಾರೆ."

ಮಾಸ್ಟರು ಕೂರಲಿಲ್ಲ. ಮುಗಿದ ಅಂಗಿಗಳಿವೆಯೇ ಎಂದು ಕೇಳಿದರು. ಅವಳು ಗಂಟು ತಂದಿಟ್ಟಾಗ, ಹಳೆಯ ಅಭ್ಯಾಸದಂತೆ ಮೇಲಿನ ಅಂಗಿಯನ್ನು ಎತ್ತಿ ಕಿಟಕಿಗೆ ಹಿಡಿದರು. ಅದು ಆ ಅಂಗಿಯೇ.

ಹಿಂದಿನ ದಿನ ಅವಳು ಒಲೆಯ ಮುಂದಿದ್ದಾಗ ಚೂಟಿ ಸೂಜಿ ಹಿಡಿದು ಆ ಅಂಗಿಯ ಕೊನೆಯ ಕಾಜಾವನ್ನು ತಾನೇ ಹಾಕಿಬಿಟ್ಟಿದ್ದಳು. ಅದು ಕಾಜಾ ಅಲ್ಲ, ಒಣಗಿದ ಜೇಡ. ಒಂದು ಕಡೆ ದಾರ ಗಂಟುಗಂಟು, ಇನ್ನೊಂದು ಕಡೆ ಬಟ್ಟೆಯ ನೂಲು ಬಾಯಿ ಬಿಟ್ಟಿತ್ತು. "ನಿನ್ನದರ ಹಾಗೇ ಇದೆ ಅಲ್ವಾ ಅಮ್ಮಾ?" ಎಂದು ಅವಳು ಕೇಳಿದಾಗ ಬೈಯಲು ಮನಸ್ಸು ಬಾರದೆ, "ನನ್ನದಕ್ಕಿಂತ ಚೆನ್ನಾಗಿದೆ," ಎಂದುಬಿಟ್ಟಿದ್ದಳು. ಬಟ್ಟೆ ಒಗೆದಾದ ಮೇಲೆ ಬಿಚ್ಚಿ ಹಾಕಿದರಾಯಿತು ಎಂದುಕೊಂಡಿದ್ದಳು.

ಈಗ ಆ ಜೇಡ ಸರಿಯಾಗಿ ಮಾಸ್ಟರ ಮೂಗಿನ ಮುಂದಿತ್ತು. ಅವಳು ಕತ್ತರಿಯ ಕಚಕ್ ಎಂಬ ಸದ್ದಿಗಾಗಿ ಕಾದಳು.

"ಆಹಾ," ಎಂದರು ಮಾಸ್ಟರು. "ಮುತ್ತು ಪೋಣಿಸಿದ ಹಾಗಿದೆ. ಈ ಊರಿನಲ್ಲಿ ಇಂಥ ಕೈ ಇನ್ನೊಂದು ಇದ್ರೆ ತೋರಿಸು, ನಾನು ಕತ್ತರಿ ಕೆಳಗಿಡ್ತೀನಿ."

ಅಮ್ಮ ಮಗಳು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಚೂಟಿಯ ಕಣ್ಣು ಬಿಸ್ಕತ್ತಿನಷ್ಟು ದುಂಡಗಾಗಿತ್ತು. "ಅಮ್ಮಾ, ಒಂದೇ ಒಂದು..." ಎಂದು ಬಾಯಿ ತೆರೆದವಳ ತಲೆಯ ಮೇಲೆ ಅಮ್ಮ ಮೆತ್ತಗೆ ಕೈಯಿಟ್ಟಳು. ಆ ಕೈಯ ಅರ್ಥ ಚೂಟಿಗೆ ಗೊತ್ತಿತ್ತು.

"ಆ ಬೂದು ಕೋಟು ನೆನಪಿದೆಯಾ? ನೀನು ಕೆಲಸಕ್ಕೆ ಬಂದ ಹೊಸದರಲ್ಲಿ ಕಾಜಾ ಹಾಕಿದ್ದು," ಮಾಸ್ಟರು ಮುಂದುವರಿಸಿದರು. "ಗಿರಾಕಿ ಕೇಳೋಕೆ ಬಂದ್ರೂ ಇನ್ನೂ ಆಗಿಲ್ಲ ಅಂತ ಸುಳ್ಳು ಹೇಳಿ ಅದನ್ನ ಗೋಡೆ ಮೇಲೇ ಇಟ್ಕೊಂಡಿದ್ದೆ. ಕಣ್ತುಂಬ ನೋಡೋಣ ಅಂತ. ನಿನಗೆ ಹೇಳಲಿಲ್ಲ. ಹೇಳಬೇಕಿತ್ತು."

ಅವಳಿಗೆ ಆ ಕೋಟು ನೆನಪಿತ್ತು. ಅದು ಬಹಳ ದಿನ ಗೋಡೆಯ ಮೇಲಿದ್ದದ್ದೂ ನೆನಪಿತ್ತು. ಏನೋ ತಪ್ಪಾಗಿದೆ ಎಂದು ಆಗ ಹೆದರಿಕೊಂಡೇ ಓಡಾಡಿದ್ದಳು.

ಕೊನೆಗೆ ಮಾತು ಬರಬೇಕಾದಲ್ಲಿಗೆ ಬಂತು. ಒಬ್ಬ ಮದುಮಗನ ಕೋಟು ಬಂದಿದೆ, ಕಪ್ಪು ಬಟ್ಟೆ, ಭಾರೀ ಬೆಲೆಯದು. ಅದನ್ನು ಅವಳೇ ಕತ್ತರಿಸಬೇಕು. ಇನ್ನು ಮನೆಯಲ್ಲಿ ಕೂತು ಕಾಜಾ ಹಾಕುವುದು ಸಾಕು, ಅಂಗಡಿಗೆ ಬಂದು ಮೇಜಿನ ಮುಂದೆ ನಿಲ್ಲಬೇಕು. "ಕತ್ತರಿ ನಿನ್ನ ಕೈಗೆ ಕೊಡ್ತೀನಿ. ಇಷ್ಟು ದಿನ ನಿನ್ನನ್ನ ಗುಂಡಿಗೆ ಕಟ್ಟಿಹಾಕಿದ್ದು ನನ್ನ ತಪ್ಪು," ಎಂದರು. ನಾಳೆಯೇ ಬರಬೇಕೆಂದರು. ಗಂಟನ್ನು ಬಗಲಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಸೊಟ್ಟ ಕಾಜಾದ ಅಂಗಿಯೂ ಹೋಯಿತು. "ಅದೊಂದು ಇಲ್ಲೇ ಇರಲಿ ಮಾಸ್ಟರೇ, ದಾರ ಕಡಿಯೋದು ಉಳಿದಿದೆ," ಎಂದು ಅವಳು ಹಿಂದಿನಿಂದ ಕೂಗಿದರೆ, "ನಿನ್ನ ಕೆಲಸದಲ್ಲಿ ಉಳಿಯೋದೇನು ಬಂತು," ಎಂದು ಮೆಟ್ಟಿಲ ಕಂಬಿ ಹಿಡಿದು ಇಳಿದುಹೋದರು.

ಬಟ್ಟೆ ಒಣಗಿಸುವಾಗ ಅವಳ ತಲೆಯೊಳಗೆ ಎರಡು ದನಿ ಜಗಳವಾಡುತ್ತಿದ್ದವು. ಮುತ್ತು ಪೋಣಿಸಿದ ಹಾಗೆ, ಎನ್ನುತ್ತಿತ್ತು ಒಂದು. ಆ ಮಾತನ್ನು ನೆನೆದು ಬಾಯಿ ತಾನಾಗಿ ಅರಳುತ್ತಿತ್ತು. ಯಾವ ಕಾಜಾಕ್ಕೆ ಹಾಗೆಂದರು ಎಂದು ಇನ್ನೊಂದು ದನಿ ಕೇಳಿದ ಕೂಡಲೆ ಅರಳಿದ ಬಾಯಿ ಮುಚ್ಚಿಕೊಳ್ಳುತ್ತಿತ್ತು. ನೂಲೆಳೆಯಷ್ಟು ಓರೆಯಾದರೂ ಸಹಿಸದ ಮನುಷ್ಯ, ಕಣ್ಣೆದುರಿನ ಜೇಡವನ್ನು ಮುತ್ತೆಂದರೆ, ಅವರಿಗೆ ತನ್ನಿಂದ ಬೇಕಾಗಿರುವುದು ಸಣ್ಣ ವಸ್ತುವಲ್ಲ. ಔಷಧಿಯ ಬಾಟಲಿ ಎಲ್ಲಿಟ್ಟಿದ್ದಾರೆ ಎಂಬುದಷ್ಟೇ ಗೊತ್ತಾಗಬೇಕು.

ಸಂಜೆ ಗಂಡ ಬಸ್ ಡಿಪೋದಿಂದ ಬಂದ. ಕೈಗೆ ಸೀಮೆಎಣ್ಣೆ ಹಚ್ಚಿ ಗ್ರೀಸು ಬಿಡಿಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಬಕೆಟ್ ಹಿಡಿದಿದ್ದಾರೆ ನಿನಗೆ," ಎಂದು ನಕ್ಕ.

"ಹಿಡೀಲಿಲ್ಲ ಅಪ್ಪಾ, ಒದ್ರು. ನೀರೆಲ್ಲ ಚೆಲ್ಲಿತು," ಎಂದಳು ಚೂಟಿ.

"ಅದು ಬೇರೆ ಬಕೆಟ್ಟು ಕಣೇ. ನಿಮ್ಮಮ್ಮನ್ನ ಹೊಗಳಿ ಅಟ್ಟಕ್ಕೇರಿಸಿದ್ದಾರೆ, ಈಗ ಏಣಿ ತೆಗೆಯೋದು ಯಾವಾಗ ಅಂತ ನೋಡಬೇಕು."

"ನಿಮಗೆ ನಗು. ಯಾರಾದ್ರೂ ನಾಲ್ಕು ಒಳ್ಳೇ ಮಾತಾಡಿದ್ರೆ ಹಿಂದೆ ಏನೋ ಇರಲೇಬೇಕಾ?" ತಾನು ದಿನವಿಡೀ ಯೋಚಿಸಿದ್ದನ್ನೇ ಅವನು ಹೇಳಿದ್ದಕ್ಕೆ ಅವಳಿಗೆ ಸಿಟ್ಟು ಬಂತು.

"ಮದುವೆಯಾದ ಮೇಲೆ ನಾನು ನಿನ್ನನ್ನ ಹೊಗಳಿಲ್ವಾ?"

"ಹೊಗಳಿದ್ದೀರಿ ಒಂದು ಸಲ. ಮಾರನೇ ದಿನ ನಿಮ್ಮಕ್ಕನ ಮನೆಯವರೆಲ್ಲ ಬಂದು ಒಂದು ತಿಂಗಳು ಇದ್ರು."

ಗಂಡ ಸೋತು ಕೈ ತೊಳೆದುಕೊಂಡ. ಆಮೇಲೆ ನಗು ಬಿಟ್ಟು ಹೇಳಿದ: "ಅವರ ಹತ್ರ ಹೊಲೀತಿದ್ದ ಮೆಷಿನ್ ಅಣ್ಣ ಯಾಕೆ ಅಂಗಡಿ ಬಿಟ್ಟ, ಕೇಳಿದ್ಯಾ? ಕೇಳು. ಭಾರೀ ಬೆಲೆಯ ಕೋಟು ಅಂತಾರೆ. ಅದು ಕೆಟ್ಟರೆ ಕೆಡಿಸಿದವಳು ನೀನು ಅಂತಾಗುತ್ತೆ. ಕತ್ತರಿ ಆಸೆಗೆ ಸೂಜಿ ಕಳ್ಕೋಬೇಡ."

ಅದು ಅವಳಿಗೂ ಗೊತ್ತಿತ್ತು. ಕಾಜಾದವಳ ಕೆಲಸ ನಿಂತಿರುವುದು ಹೆಸರಿನ ಮೇಲೆ. ಮದುಮಗನ ಕೋಟು ಹಾಳು ಮಾಡಿದಳಂತೆ ಎಂಬ ಮಾತು ಒಮ್ಮೆ ಹೊರಟರೆ ಆ ಬೀದಿಯ ಯಾವ ಅಂಗಡಿಯವರೂ ಅವಳ ಕೈಗೆ ಬಟ್ಟೆ ಕೊಡುವುದಿಲ್ಲ. ಹೋಗದೆ ಇದ್ದರೆ? ಮಾಸ್ಟರು ಮುನಿಸಿಕೊಂಡು ಇರುವ ಕೆಲಸವೂ ತಪ್ಪೀತು. ಆ ಸೊಟ್ಟ ಕಾಜಾ ಗಿರಾಕಿಯ ಕೈ ಸೇರುವ ಮುಂಚೆ ಬಿಚ್ಚಬೇಕಾದರೂ ಅಂಗಡಿಗೆ ಹೋಗಲೇಬೇಕು. ಇನ್ನೂ ಒಂದು ಕಾರಣವಿತ್ತು, ಅದನ್ನು ಅವಳು ಗಂಡನಿಗೆ ಹೇಳಲಿಲ್ಲ. ಹರಡಿದ ಬಟ್ಟೆಯ ಮೇಲೆ ಉದ್ದ ಕತ್ತರಿ ಕರ್ರನೆ ಸಾಗುವ ಸದ್ದು ಅವಳಿಗೆ ಇಷ್ಟ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಕೇಳಿದ್ದಳು ಅಷ್ಟೇ.

ಬೆಳಿಗ್ಗೆ ಚೂಟಿಯ ಕೈ ಹಿಡಿದು ಹೊರಟಳು. ಶಾಲೆಗೆ ರಜೆ. ಹಾಲಿನ ಅಂಗಡಿಯ ಮುಂದೆ ಮೆಷಿನ್ ಅಣ್ಣ ಬಸ್ಸಿಗೆ ಕಾಯುತ್ತಿದ್ದ. ಮಾಸ್ಟರ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದವನು ಈಗ ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಿದ್ದ.

"ಏನಕ್ಕಾ, ಬೆಳಿಗ್ಗೆಬೆಳಿಗ್ಗೇನೇ? ಗಂಟೂ ಇಲ್ಲ ಕೈಯಲ್ಲಿ."

"ಮಾಸ್ಟರು ಕರೆದಿದ್ದಾರೆ. ಕೋಟು ಕತ್ತರಿಸೋಕೆ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಹೊಗಳಿದ್ರಾ?"

ಅವಳು ಸೆರಗು ಸರಿಪಡಿಸಿಕೊಂಡಳು.

"ಹೊಗಳಿರ್ತಾರೆ ಬಿಡಿ. ನನಗೂ ಹಾಗೇ ಮಾಡಿದ್ರು. ಜನ್ಮದಲ್ಲಿ ಮಾತಾಡದ ಮನುಷ್ಯ, ಇದ್ದಕ್ಕಿದ್ದ ಹಾಗೆ ನನ್ನ ಹೊಲಿಗೆ ಗೆರೆ ಎಳೆದ ಹಾಗಿದೆ ಅನ್ನೋಕೆ ಶುರು ಮಾಡಿದ್ರು. ನಾನೂ ಉಬ್ಬಿಹೋದೆ. ಆಮೇಲೆ ಒಂದು ಕೋಟಿನ ಬೆನ್ನು ಉಲ್ಟಾ ಬಂತು, ಒಳಮೈ ಮೇಲಾಗಿ. ಅವರು ಕತ್ತರಿಸಿ, ಗುರುತು ಹಾಕಿ ಕೊಟ್ಟಿದ್ದು, ನಾನು ಹೊಲಿದಿದ್ದು. ಗಿರಾಕಿ ಮುಂದೆ ಏನಂದ್ರು ಗೊತ್ತಾ? ಹುಡುಗನ ಕೈ ಕೆಟ್ಟಿದೆ ಅಂದ್ರು. ಇದೇ ಕೈ." ಅವನು ಕೈ ಎತ್ತಿ ತೋರಿಸಿದ. ಬಸ್ಸು ಬಂತು. ಹತ್ತುತ್ತ ತಿರುಗಿ ಹೇಳಿದ: "ಏನು ಹೇಳಿದ್ರೂ ಹೂಂ ಅನ್ನಬೇಡಿ ಅಕ್ಕಾ. ಮೊದಲು ಬಟ್ಟೆ ನೋಡಿ."

ಚೂಟಿ ಬಸ್ಸು ಮರೆಯಾಗುವವರೆಗೆ ಕಾದಳು. "ಅಮ್ಮಾ, ಈಗ ಕೇಳ್ಲಾ?"

"ಈಗ ಬೇಡ ರಾಣಿ. ಅಂಗಡಿಯಲ್ಲಿ ಒಂದು ಮಾತೂ ಆಡದೆ ಕೂತ್ಕೊಂಡ್ರೆ ನನ್ನ ಬಂಗಾರದಂಥ ಮಗಳು ಯಾರಿದ್ದಾರೆ."

ಬಂಗಾರ, ರಾಣಿ, ಎರಡೂ ಒಟ್ಟಿಗೆ. ಚೂಟಿ ತುಟಿ ಬಿಗಿದುಕೊಂಡು ಅಮ್ಮನ ಪಕ್ಕ ನಡೆದಳು.

ಅಂಗಡಿಯ ಬಾಗಿಲು ತೆರೆದಿತ್ತು. ಮೆಷಿನ್ ಅಣ್ಣನ ಯಂತ್ರದ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಕಿಟಕಿಯಿಂದ ಬಿಸಿಲು ಮೇಜಿನ ತುಂಬ ಬಿದ್ದಿದ್ದರೂ ಮೇಲೊಂದು ದೊಡ್ಡ ದೀಪ ಉರಿಯುತ್ತಿತ್ತು. ಕಿಟಕಿಯ ಬೆಳಕಿನ ಮುಂದೆ ದೀಪ ಯಾವ ಲೆಕ್ಕ ಎಂದು ಹಿಂದೆ ಕರೆಂಟು ಹೋದಾಗಲೂ ಲೆಕ್ಕಿಸದೆ ಕತ್ತರಿಸುತ್ತಿದ್ದವರು ಇವರೇ. ಅವಳು ಹೊಸ್ತಿಲಲ್ಲಿ ನಿಂತಳು.

"ಯಾರು?" ಎಂದರು ಮಾಸ್ಟರು, ಅವಳ ಕಡೆಗೇ ಮುಖ ಮಾಡಿ.

"ನಾನೇ."

"ಓ, ಬಾ ಬಾ ಮಗಳೇ. ನಿನ್ನ ಹೆಜ್ಜೆ ಸದ್ದೇ ಹೇಳುತ್ತೆ, ಕೆಲಸ ಬಲ್ಲವರ ಹೆಜ್ಜೆ." ಹೆಜ್ಜೆಯಲ್ಲೂ ಕಾಜಾ ಹಾಕುತ್ತಾರೇನೋ ಎಂದುಕೊಂಡಳು ಅವಳು. ಅನುಮಾನದ ದಾರಕ್ಕೆ ಇನ್ನೊಂದು ಎಳೆ ಸೇರಿತು.

ಮೇಜಿನ ಮೇಲೆ ಕಪ್ಪು ಬಟ್ಟೆ ಹರಡಿತ್ತು. ಮೃದುವಾದ, ಮೇಲ್ಮೈಗೆ ಸಣ್ಣ ಹೊಳಪಿರುವ, ಒಳಮೈ ಮಂಕಾಗಿರುವ ಬಟ್ಟೆ. ಅದರ ಮೇಲೆ ಸೀಮೆಸುಣ್ಣದ ಗೆರೆಗಳು ಬೆರಳಷ್ಟು ದಪ್ಪವಾಗಿದ್ದವು, ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಎಳೆದ ಹಾಗೆ. ಪಕ್ಕದಲ್ಲಿ ಕತ್ತರಿಸಿಟ್ಟ ಎರಡು ತೋಳುಗಳನ್ನು ಮಡಿಸಿ ಇಡಲಾಗಿತ್ತು. ಗೋಡೆಯ ಗೂಟಕ್ಕೆ ಇಸ್ತ್ರಿಯಾದ ಅಂಗಿಗಳು ತೂಗುತ್ತಿದ್ದವು. ಅವುಗಳಲ್ಲಿ ಆ ಅಂಗಿಯೂ ಇತ್ತು, ಕೊನೆಯ ಗುಂಡಿಯವರೆಗೆ ಹಾಕಿಕೊಂಡು ಗಿರಾಕಿಗೆ ಸಿದ್ಧವಾಗಿ. ಚೂಟಿ ಸೀದಾ ಅದರ ಕೆಳಗೆ ಹೋಗಿ ನಿಂತಳು.

"ತೋಳು ನಾನೇ ಕತ್ತರಿಸಿಟ್ಟಿದ್ದೀನಿ," ಎಂದರು ಮಾಸ್ಟರು. "ಬೆನ್ನು, ಎದೆಭಾಗ ನಿನಗೆ ಬಿಟ್ಟಿದ್ದೀನಿ. ಮದುಮಗನ ಅಪ್ಪ ನಿನ್ನೆ ಬಂದಿದ್ರು. ಅವರಿಗೂ ಹೇಳಿಬಿಟ್ಟೆ, ಈ ಕೋಟು ಕತ್ತರಿಸೋದು ನಾನಲ್ಲ, ನಮ್ಮ ಕಾಜಾ ಅಕ್ಕ ಅಂತ. ನಿನ್ನ ಹೆಸರು ನಾಲ್ಕು ಜನರ ಬಾಯಲ್ಲಿ ಬರಲಿ."

ನಿನ್ನೆ. ಅವಳು ಹೂಂ ಎನ್ನುವ ಮೊದಲೇ.

"ಪೂರ್ತಿ ಕೋಟು ನಾನೇ ಕತ್ತರಿಸಿದ್ದು ಅಂತ ಹೇಳಿದ್ರಾ?"

"ಮತ್ತೆ? ತೋಳಿಲ್ಲದ ಕೋಟು ಉಂಟಾ?" ಮಾಸ್ಟರು ನಕ್ಕು ಉದ್ದ ಕತ್ತರಿಯನ್ನು ಅವಳ ಕಡೆಗೆ ಸರಿಸಿದರು. "ಹಿಡಿ. ನಿನ್ನ ಕೈಗೆ ಅಂತಲೇ ಮಾಡಿದ ಹಾಗಿದೆ."

ಕತ್ತರಿಯ ಹಿಡಿ ತಣ್ಣಗೆ ಅವಳ ಬೆರಳು ತಾಕಿತು. ಎಷ್ಟು ವರ್ಷಗಳ ಆಸೆ. ಮೊದಲು ಬಟ್ಟೆ ನೋಡಿ ಎಂದಿದ್ದ ಮೆಷಿನ್ ಅಣ್ಣ. ಅವಳು ಕತ್ತರಿಯನ್ನು ಬಿಟ್ಟು ತೋಳುಗಳನ್ನು ಬಿಡಿಸಿದಳು. ಹೊಳಪಿನ ಕಡೆ ಮೇಲೆ ಬರುವಂತೆ ಎರಡನ್ನೂ ಅಕ್ಕಪಕ್ಕ ಹರಡಿದಳು. ಒಂದು ಕೋಟಿನ ಎರಡು ತೋಳು ಹಾಗೆ ಹರಡಿದಾಗ ಒಂದನ್ನೊಂದು ನೋಡಿಕೊಳ್ಳಬೇಕು, ಎದುರುಬದುರು ಕೂತ ಅಕ್ಕತಂಗಿಯರಂತೆ. ಇವು ಎರಡೂ ಒಂದೇ ದಿಕ್ಕಿಗೆ ಮೊಣಕೈ ಬಾಗಿಸಿ, ಸಾಲಿನಲ್ಲಿ ನಿಂತಿದ್ದವು. ಅವಳು ಮತ್ತೊಮ್ಮೆ ಹೊರಳಿಸಿ ನೋಡಿದಳು. ಅನುಮಾನವೇ ಇಲ್ಲ. ಬಟ್ಟೆಯ ಮೇಲ್ಮೈ ಒಳಮೈ ನೋಡದೆ, ಒಂದೇ ಮಾದರಿಯನ್ನು ಎರಡು ಸಲ ಇಟ್ಟು ಕತ್ತರಿಸಿದ್ದರು.

ಅವಳ ಮೈ ಬಿಸಿಯಾಯಿತು. ಬಾಟಲಿ ಸಿಕ್ಕಿತ್ತು. ಮುತ್ತು, ಕನ್ನಡಿ, ಬೂದು ಕೋಟು, ಎಲ್ಲವೂ ಈ ಗುಟುಕು ಒಳಗಿಳಿಯಲಿ ಎಂದೇ.

"ಇವೆರಡೂ ಬಲಗೈ ತೋಳು, ಮಾಸ್ಟರೇ," ಎಂದಳು.

ಮಾಸ್ಟರು ಮೇಜಿನ ಅಂಚು ಹಿಡಿದು ಹತ್ತಿರ ಬಂದರು. ತೋಳುಗಳ ಮೇಲೆ ಕೈಯಾಡಿಸಿದರು. ಬೆರಳು ಮೊಣಕೈಯ ಬಾಗಿನಲ್ಲಿ ಹೋಗಿ ನಿಂತಿತು. ಇನ್ನೊಂದರ ಮೇಲೂ ಹಾಗೇ ಹೋಗಿ, ಅಲ್ಲೇ ನಿಂತಿತು. ಬಟ್ಟೆಯನ್ನು ಕಿಟಕಿಗೆ ಎತ್ತಿ ಹಿಡಿಯಲಿಲ್ಲ. ಅವಳಿಗೆ ಅದು ವಿಚಿತ್ರವೆನಿಸಿತು.

ಮರುಕ್ಷಣ ಅವರ ಮುಖದ ಮೇಲೆ ನಗು ಬಂತು. "ನೋಡಿದ್ಯಾ, ಕೈಗೆತ್ತಿಕೊಂಡ ತಕ್ಷಣ ಹಿಡಿದುಬಿಟ್ಟೆ. ಬೇಕೂಂತಲೇ ಇಟ್ಟಿದ್ದೆ ಮಗಳೇ, ನಿನ್ನ ಕಣ್ಣು ಪರೀಕ್ಷೆ ಮಾಡೋಣ ಅಂತ. ಹದ್ದಿನ ಕಣ್ಣು ನಿನ್ನದು. ಮಿಕ್ಕ ಬಟ್ಟೆಯಲ್ಲಿ ಎಡತೋಳು ಬರುತ್ತೆ, ನಿನ್ನ ಕೈಗೆ ಅದೇನು ದೊಡ್ಡದು."

"ಮೆಷಿನ್ ಅಣ್ಣನಿಗೂ ಪರೀಕ್ಷೆ ಇಟ್ಟಿದ್ರಾ?"

ಮಾಸ್ಟರು ಸೀಮೆಸುಣ್ಣದ ತುಂಡಿಗಾಗಿ ಮೇಜಿನ ಮೇಲೆ ಕೈ ಸರಿಸಿದರು. ಅದು ಕಪ್ಪು ಬಟ್ಟೆಯ ನಡುವೆ, ಬೆಳ್ಳಗೆ, ಎಲ್ಲರಿಗೂ ಕಾಣುವ ಹಾಗೆ ಬಿದ್ದಿತ್ತು. ಅವರ ಬೆರಳು ಅದರ ಆಚೆ ಒಮ್ಮೆ, ಈಚೆ ಒಮ್ಮೆ ಹಾದುಹೋಯಿತು. ಬಿಸ್ಕತ್ತು ಚಾಚಿದ ಕೈ ಇದೇ. ಬಾಗಿಲ ಚೌಕಟ್ಟು ಹಿಡಿದ ಕೈ. ಅವಳ ಸಿಟ್ಟು ಎಲ್ಲಿ ಕಾಲಿಡಬೇಕೆಂದು ತಿಳಿಯದೆ ನಿಂತಲ್ಲೇ ನಿಂತಿತು. ನಿನ್ನೆಯ ಆ ಆಹಾ ಮಾತ್ರ ಕಿವಿಯಲ್ಲಿ ಮತ್ತೆ ಕೇಳಿಸಿ, ಈ ಸಲ ಮುಳ್ಳಿನಂತೆ ಚುಚ್ಚಿತು.

"ನಿನ್ನಂಥ ಕೈ..." ಮಾಸ್ಟರು ಮತ್ತೆ ಶುರು ಮಾಡಿದರು. ದನಿ ಮೊದಲಿನಷ್ಟು ನಯವಾಗಿರಲಿಲ್ಲ. "ನೀನು ಬರೀ ಪಕ್ಕದಲ್ಲಿ ನಿಂತಿದ್ರೂ ಸಾಕು. ನಿನ್ನಂಥ ಕೆಲಸಗಾರ್ತಿ ಈ ಊರಲ್ಲೇ..."

ಗೂಟದ ಕೆಳಗಿನಿಂದ ಚೂಟಿ ಬಂದಳು. ಎಟುಕದ ಅಂಗಿಯನ್ನು ಹೇಗೋ ಎಳೆದು ಇಳಿಸಿಕೊಂಡಿದ್ದಳು. ಇಸ್ತ್ರಿಯಾದ ಅಂಗಿ ಅವಳ ತೋಳಿನ ಮೇಲಿಂದ ನೆಲಕ್ಕೆ ಜೋಲುತ್ತಿತ್ತು. ಮಾಸ್ಟರ ಮುಂದೆ ನಿಂತು ಅದರ ಕೊನೆಯ ಕಾಜಾವನ್ನು ಎತ್ತಿ ಹಿಡಿದಳು, ಕಿಟಕಿಯ ಕಡೆಗೆ, ಅವರು ಹಿಡಿಯುತ್ತಿದ್ದ ಹಾಗೆಯೇ. ಮತ್ತೆ ಅಮ್ಮನನ್ನು ನೋಡಿದಳು.

ಬಂಗಾರ, ಸುಮ್ಮನಿರು ಎಂಬ ಮಾತು ಅಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಮಗಳ ತಲೆಯ ಕಡೆಗೆ ಹೊರಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಮಾಸ್ಟರ್ ತಾತಾ," ಎಂದಳು ಚೂಟಿ, "ನೀವು ಮುತ್ತು ಅಂದ್ರಲ್ಲ, ಈ ಕಾಜಾ ಅಮ್ಮ ಹಾಕಿದ್ದಲ್ಲ, ನಾನು ಹಾಕಿದ್ದು. ಸೊಟ್ಟ ಇದೆ. ನಿಮಗೆ ಕಾಣಿಸಲೇ ಇಲ್ವಾ?"